ಕಿವಿಗೆ ಬಿದ್ದ ಮಾತಿನಲ್ಲಿ ನಗೆಯನ್ನೂ ಕವಿತೆಯನ್ನೂ ಹಿಡಿಯುವುದು: ಹಂತ ಹಂತದ ಮಾರ್ಗದರ್ಶಿ

ಈ ಕೆಲಸಕ್ಕೆ ಕೈಹಾಕಿ ಸೋತವರ ಟಿಪ್ಪಣಿ ಪುಸ್ತಕಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಎರಡೇ ಬಗೆ. ಮೊದಲನೆಯದರಲ್ಲಿ ನಾಲ್ಕು ದಿನಗಳ ದಿನಾಂಕಗಳಿದ್ದು, ಅವುಗಳ ಕೆಳಗೆ ಏನೂ ಇರುವುದಿಲ್ಲ. ಎರಡನೆಯದರಲ್ಲಿ 'ಇಂದು ಬಸ್ಸಿನಲ್ಲಿ ಒಬ್ಬರು ಬಹಳ ತಮಾಷೆಯಾಗಿ ಮಾತನಾಡಿದರು', 'ಸಂಜೆಯ ಬೆಳಕು ಕಾವ್ಯಮಯವಾಗಿತ್ತು' ಎಂಬಂಥ ವಾಕ್ಯಗಳು ಪುಟಗಟ್ಟಲೆ ಇರುತ್ತವೆ. ಆದರೆ ಆ ಒಬ್ಬರು ಏನೆಂದರು, ಆ ಬೆಳಕು ಯಾವುದರ ಮೇಲೆ ಬಿದ್ದಿತ್ತು ಎಂಬುದು ಎಲ್ಲಿಯೂ ಸಿಗುವುದಿಲ್ಲ.

ಎರಡಕ್ಕೂ ಕಾರಣ ಒಂದೇ, ಹಂತಗಳ ಕ್ರಮ ತಪ್ಪಿರುವುದು. ಬಹುಪಾಲು ಜನ ಮೊದಲು ಅರ್ಥವನ್ನು ಹುಡುಕುತ್ತಾರೆ, ಅರ್ಥ ಹೊಳೆದ ಮೇಲೆ ಅದಕ್ಕೆ ತಮ್ಮದೇ ಪದಗಳನ್ನು ತೊಡಿಸುತ್ತಾರೆ. ನಗೆಯಾಗಲಿ ಕವಿತೆಯಾಗಲಿ ಇರುವುದು ಸಂಗತಿಯಲ್ಲಲ್ಲ, ಆ ಸಂಗತಿ ಯಾವ ಪದಗಳಲ್ಲಿ, ಯಾವ ಸರದಿಯಲ್ಲಿ ಹೊರಬಂದಿತೋ ಅದರಲ್ಲಿ. ಆದ್ದರಿಂದ ಮೊದಲು ಪದ, ಅನಂತರ ಅದರ ನಡಿಗೆ, ಕೊನೆಗೆ ಅರ್ಥ ಎಂಬ ಕ್ರಮವನ್ನು ಈ ಬರಹದುದ್ದಕ್ಕೂ ಬಿಡದೆ ಪಾಲಿಸಬೇಕು.

ಬೇಕಾಗುವ ಸಾಧನಗಳು

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ, ಮುಚ್ಚಳ ತೆಗೆಯುವ ಗೋಜಿಲ್ಲದ ಪೆನ್ನು ಅಥವಾ ಪೆನ್ಸಿಲ್, ಮತ್ತು ತಟ್ಟಿ ಎಣಿಸಲು ನಿಮ್ಮದೇ ಬೆರಳುಗಳು ಸಾಕು. ಮೊಬೈಲಿನಲ್ಲಿ ಬರೆದುಕೊಳ್ಳಬಹುದಾದರೂ ನಾನು ಅದನ್ನು ಸಲಹೆ ಮಾಡುವುದಿಲ್ಲ. ಆಡುಮಾತಿನ ರೂಪಗಳನ್ನು ಅದು ತಾನೇ ತಿದ್ದಿಬಿಡುತ್ತದೆ, ಮತ್ತು ಬರೆಯಲೆಂದು ತೆರೆದವರು ಬೇರೇನನ್ನೋ ನೋಡುತ್ತಾ ಕುಳಿತುಬಿಡುತ್ತಾರೆ. ಧ್ವನಿಮುದ್ರಣದ ಸೌಲಭ್ಯ ಐದನೆಯ ಹಂತದಲ್ಲಿ ಒಮ್ಮೆ ಬೇಕಾಗುತ್ತದೆ, ಅದೂ ನಿಮ್ಮ ಸ್ವಂತ ಧ್ವನಿಗೆ ಮಾತ್ರ. ಇತರರ ಮಾತನ್ನು ಅವರಿಗೆ ತಿಳಿಯದಂತೆ ಮುದ್ರಿಸಿಕೊಳ್ಳುವುದು ಈ ಕೆಲಸದ ಭಾಗವಲ್ಲ.

ಹಂತ 1: ಹದಿನೈದು ನಿಮಿಷ ಏನನ್ನೂ ಹುಡುಕದೆ ಕೂರುವುದು

ಜನ ಓಡಾಡುವ, ಆದರೆ ನಿಮ್ಮೊಂದಿಗೆ ಯಾರೂ ಮಾತನಾಡುವ ಅಗತ್ಯವಿಲ್ಲದ ಜಾಗವೊಂದನ್ನು ಆರಿಸಿಕೊಂಡು, ದಿನಕ್ಕೆ ಹದಿನೈದು ನಿಮಿಷ ಅಲ್ಲಿ ಕುಳಿತುಕೊಳ್ಳಬೇಕು. ಕಾಯುವ ಕೋಣೆ, ಬಸ್ಸಿನ ಹಿಂದಿನ ಆಸನ, ಮೆಟ್ಟಿಲು, ಯಾವುದಾದರೂ ಆದೀತು. ಕಿವಿಯಲ್ಲಿ ಇಯರ್‌ಫೋನ್ ಇರಬಾರದು.

ಮೊದಲ ಐದು ನಿಮಿಷ ಕೇಳಿಸುವುದೆಲ್ಲ ನಿಮ್ಮ ತಲೆಯೊಳಗಿನ ಮಾತೇ. ಅದು ತಣ್ಣಗಾದ ಮೇಲೆ ಹೊರಗಿನ ದನಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಈ ಹಂತದಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಜಾಣತನದ ಮಾತಿಗಾಗಿ ಕಾಯುವುದು. ಮಾತುಗಾರರ ಮಾತು ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದರಲ್ಲಿ ನಗಿಸುವ ಕೆಲಸವನ್ನು ಅವರೇ ಮಾಡಿ ಮುಗಿಸಿರುತ್ತಾರೆ. ಬೇರೆ ಯಾವುದೋ ಕೆಲಸದ ನಡುವೆ, ತಾನು ಏನನ್ನು ಹೇಳಿದೆ ಎಂಬ ಅರಿವೂ ಇಲ್ಲದೆ ಒಬ್ಬರು ಹೇಳಿದ ಮಾತೇ ನಿಮ್ಮ ಪಾಲಿನದು.

ಹಂತ 2: ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳುವುದು

ಹತ್ತರಲ್ಲಿ ಒಂಬತ್ತು ಜನ ಸೋಲುವುದು ಇಲ್ಲಿಯೇ ಎಂದು ನನ್ನ ಅಂದಾಜು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಒಮ್ಮೆ ಕಾಯುವ ಕೋಣೆಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರು ಕೈಚೀಲವನ್ನು ತಡಕಾಡುತ್ತಾ ಮಗಳಿಗೆ ಹೀಗೆಂದರು: "ಕಣ್ಣು ಕಾಣಲ್ಲ ಅಂತ ಕನ್ನಡಕ ಕೊಟ್ರು, ಈಗ ಕನ್ನಡಕಾನೇ ಕಾಣಲ್ಲ." ನಾನು ಆಗ ಹೊಸಬ. ಮನೆಗೆ ಬಂದು ಬರೆದದ್ದು ಹೀಗಿತ್ತು: 'ವೃದ್ಧೆಯೊಬ್ಬರು ತಮ್ಮ ಕನ್ನಡಕವನ್ನು ಎಲ್ಲಿ ಇಟ್ಟಿದ್ದೇನೆಂಬುದನ್ನು ಮರೆತು, ಅದರ ಬಗ್ಗೆ ಸ್ವಾರಸ್ಯವಾಗಿ ಗೊಣಗಿದರು.' ಸಂಗತಿ ಪೂರ್ತಿ ಇದೆ, ತಪ್ಪೇನೂ ಇಲ್ಲ, ಆದರೆ ವಾಕ್ಯ ಸತ್ತಿದೆ. ಮೂಲದ ಮಾತಿನಲ್ಲಿ 'ಕಾಣಲ್ಲ' ಎಂಬ ಪದ ಎರಡು ಸಲ ಬರುತ್ತದೆ. ಮೊದಲ ಸಲ ಅದು ನೋಡಲಾರದ ಕಣ್ಣನ್ನು ಕುರಿತದ್ದು, ಎರಡನೆಯ ಸಲ ಕಣ್ಣಿಗೆ ಬೀಳದ ವಸ್ತುವನ್ನು ಕುರಿತದ್ದು. 'ಕಾಣು' ಎಂಬ ಕ್ರಿಯಾಪದ ಕನ್ನಡದಲ್ಲಿ ನೋಡುವವರಿಗೂ ಸಲ್ಲುತ್ತದೆ, ನೋಟಕ್ಕೆ ಸಿಗುವ ವಸ್ತುವಿಗೂ ಸಲ್ಲುತ್ತದೆ. ಆ ಹೆಂಗಸಿನ ಇಡೀ ಮಾತು ಆ ಒಂದು ತಿರುಗಣೆಯ ಮೇಲೆ ತಿರುಗಿತ್ತು. ನಾನು 'ಮರೆತು' ಎಂದು ಬರೆದ ಕ್ಷಣವೇ ತಿರುಗಣೆ ಕಳಚಿ ಬಿದ್ದಿತ್ತು. ಅದೃಷ್ಟಕ್ಕೆ ಮೂಲದ ಮಾತು ನೆನಪಿನಲ್ಲಿ ಉಳಿದಿತ್ತು. ಹಾಗೆ ಉಳಿಯದೆ ಹೋದವುಗಳ ಲೆಕ್ಕ ನನ್ನಲ್ಲಿಲ್ಲ.

ಬರೆದುಕೊಳ್ಳುವಾಗ ಪಾಲಿಸಬೇಕಾದವು ಇಷ್ಟು. ಆಡಿದ ರೂಪವನ್ನೇ ಬರೆಯಿರಿ. 'ಕೊಟ್ರು' ಎಂದಿದ್ದರೆ 'ಕೊಟ್ಟರು' ಎಂದು ತಿದ್ದಬೇಡಿ. ಪದಗಳ ಸರದಿಯನ್ನು ಬದಲಿಸಬೇಡಿ. ತಡವಾಗಿ ಬಂದವರನ್ನು ನೋಡಿ ಯಾರಾದರೂ "ಬಂದ್ರಪ್ಪ ದೊಡ್ಡವರು" ಎಂದರೆ ಅದರ ಚುಚ್ಚು ಇರುವುದೇ ಕ್ರಿಯಾಪದ ಮುಂದಕ್ಕೆ ಹಾರಿ ಕುಳಿತಿರುವುದರಲ್ಲಿ ಮತ್ತು ಆ 'ಅಪ್ಪ'ದಲ್ಲಿ; 'ದೊಡ್ಡವರು ಬಂದರು' ಎಂದು ಬರೆದರೆ ಅದು ಸಭೆಯ ವರದಿಯಾಗುತ್ತದೆ. ಅರ್ಧಕ್ಕೆ ನಿಂತ ಮಾತನ್ನು ಅರ್ಧಕ್ಕೇ ಬಿಡಿ. ಎಷ್ಟು ಬೇಗ ಬರೆದರೆ ಅಷ್ಟು ಒಳ್ಳೆಯದು, ಏಕೆಂದರೆ ಮನಸ್ಸು ಸಾರಾಂಶವನ್ನು ಉಳಿಸಿಕೊಂಡು ಪದಗಳನ್ನು ಬೇಗ ಚೆಲ್ಲಿಬಿಡುತ್ತದೆ.

ಮಾತಿನ ಜೊತೆಗೆ ಪುಟದ ಅಂಚಿನಲ್ಲಿ ಸಂದರ್ಭವನ್ನು ನಾಲ್ಕಾರು ಪದಗಳಲ್ಲಿ ಗುರುತು ಹಾಕಿಕೊಳ್ಳಬೇಕು: ಕೈ ಏನು ಮಾಡುತ್ತಿತ್ತು, ಎಲ್ಲಿ ನಿಂತಿದ್ದರು, ಹೊರಗೆ ಹವೆ ಹೇಗಿತ್ತು. ಚೆಕ್ ಸಂಗೀತ ರಚನಕಾರ ಲಿಯೋಶ್ ಯಾನಾಚೆಕ್ (1854–1928) ದಶಕಗಳ ಕಾಲ ಜನರ ಆಡುಮಾತಿನ ಏರಿಳಿತವನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಾಗ, ಅದರೊಂದಿಗೆ ಆ ಮಾತು ಹುಟ್ಟಿದ ಸನ್ನಿವೇಶವನ್ನೂ ಬರೆಯುತ್ತಿದ್ದ. ನಮಗೆ ಸ್ವರಲಿಪಿ ಬರಬೇಕೆಂದಿಲ್ಲ. ದನಿ ಏರಿದ ಪದದ ಮೇಲೆ ಒಂದು ಗೀಟು, ಇಳಿದ ಪದದ ಕೆಳಗೆ ಒಂದು ಗೀಟು ಎಳೆದರೆ ಸಾಕು. ಅಂಚಿನ ಈ ಗುರುತುಗಳು ಆ ಹೊತ್ತಿಗೆ ವ್ಯರ್ಥವೆನಿಸುತ್ತವೆ. ಆರನೆಯ ಹಂತದಲ್ಲಿ ಅವೇ ಕೈಹಿಡಿಯುತ್ತವೆ.

ಹೇಳಿದವರ ಹೆಸರನ್ನು ಮಾತ್ರ ಬರೆಯಬಾರದು.

ಹಂತ 3: ಮಾತ್ರೆ ಎಣಿಸುವುದು

ಸಂಜೆ ಪುಸ್ತಕ ತೆರೆದಾಗ ಅರ್ಥದ ಕಡೆಗೆ ಹೋಗುವ ಮೊದಲು ಮಾತಿನ ನಡಿಗೆಯನ್ನು ಪರೀಕ್ಷಿಸಬೇಕು. ಇದಕ್ಕೆ ಛಂದಸ್ಸಿನ ಪಾಂಡಿತ್ಯ ಬೇಡ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರಕ್ಕೂ ಎರಡು. ಇಷ್ಟನ್ನು ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಎಲ್ಲರೂ ಕಲಿತಿರುತ್ತಾರೆ ಮತ್ತು ಪರೀಕ್ಷೆ ಮುಗಿದ ಸಂಜೆಯೇ ಮರೆತಿರುತ್ತಾರೆ. (ಮಾತ್ರೆ ಎಣಿಸುತ್ತಿದ್ದೇನೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಊಟಕ್ಕೆ ಮುಂಚೇದೋ, ಆಮೇಲಿಂದೋ?" ಎಂದು ಕೇಳಿದವರಿದ್ದಾರೆ. ಅದನ್ನೂ ಬರೆದುಕೊಂಡೆ.)

ಉದಾಹರಣೆಗೆ ನನ್ನ ಪುಸ್ತಕದ ಒಂದು ಪುಟವನ್ನೇ ತೆಗೆದುಕೊಳ್ಳೋಣ. ಬಾಗಿಲಲ್ಲಿ ನಿಂತ ತಾಯಿ ಮಗುವಿಗೆ ಹೇಳುತ್ತಾಳೆ: "ಮಳೆ ನಿಂತಿದೆ, ನಡಿ." ಮಗು ಕೇಳುತ್ತದೆ: "ಎಲ್ಲಿ ನಿಂತಿದೆ?"

ತಾಯಿಯ ಮಾತನ್ನು ಬೆರಳಿನಿಂದ ತಟ್ಟುತ್ತಾ ಎಣಿಸಿ. 'ಮಳೆ' ಎರಡು, 'ನಿಂತಿದೆ' ನಾಲ್ಕು, 'ನಡಿ' ಎರಡು, ಒಟ್ಟು ಎಂಟು. ಸಮನಾದ, ಹೊರಡಲು ಸಿದ್ಧವಾಗಿರುವ ನಡಿಗೆ ಅದು. ಮಗುವಿನ ಮಾತಿನಲ್ಲಿ 'ಎಲ್ಲಿ' ಮೂರು, 'ನಿಂತಿದೆ' ನಾಲ್ಕು, ಒಟ್ಟು ಏಳು. ತಕಿಟ, ತಕದಿಮಿ. ಕರ್ನಾಟಕ ಸಂಗೀತದ ಮಿಶ್ರಛಾಪು ತಾಳದ ನಡೆಯೂ ಇದೇ, ಭಾಮಿನಿ ಷಟ್ಪದಿಯಲ್ಲಿ ಮತ್ತೆ ಮತ್ತೆ ಬರುವ ಮೂರು–ನಾಲ್ಕರ ಗಣಗಳ ನಡೆಯೂ ಇದೇ. ಸಮವಾಗಿ ನಡೆಯುತ್ತಿದ್ದ ಮಾತಿಗೆ ಮಗು ಒಂದು ಮಾತ್ರೆಯನ್ನು ತಪ್ಪಿಸಿ ಕಾಲು ಕೊಟ್ಟಿದೆ. ಮಗುವಿಗೆ ಇದು ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ; ಆದರೆ ಆ ಪ್ರಶ್ನೆ ಕಿವಿಯಲ್ಲಿ ಉಳಿಯುವುದರಲ್ಲಿ ಆ ಕುಂಟುನಡಿಗೆಯ ಪಾಲೂ ಇದೆ.

ಇಲ್ಲಿ ಆಗುವ ತಪ್ಪು ಎಂದರೆ ಬರಹದ ರೂಪವನ್ನು ಎಣಿಸುವುದು. 'ಬರುತ್ತೇನೆ' ಆರು ಮಾತ್ರೆ. ಅದನ್ನೇ ಆಡುವಾಗ 'ಬರ್ತೀನಿ' ಎಂದರೆ ಐದು. ಎರಡರ ನಡಿಗೆಯೇ ಬೇರೆ. ಎರಡನೆಯ ಹಂತದಲ್ಲಿ ಆಡಿದ ರೂಪವನ್ನೇ ಬರೆಯಿರಿ ಎಂದು ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ತಪ್ಪು, ಲೆಕ್ಕ ಸರಿಹೊಂದಲೆಂದು ಪದವನ್ನು ಎಳೆಯುವುದು. ಎಷ್ಟೋ ಮಾತುಗಳಲ್ಲಿ ಯಾವ ಗಣವೂ ಕೂಡಿಬರುವುದಿಲ್ಲ. ಕನ್ನಡಕದ ಮಾತೂ ಅಂಥದ್ದೇ. ಅಲ್ಲಿ ಕಣ್ಣು, ಕಾಣು, ಕನ್ನಡಕ ಎಂದು ಒಂದೇ ವ್ಯಂಜನಗಳು ಮರಳಿ ಮರಳಿ ಬರುವುದನ್ನು ಗುರುತು ಹಾಕಿ ಮುಂದಕ್ಕೆ ಹೋಗಬೇಕು.

ಹಂತ 4: ಕವಲೊಡೆಯುವ ಪದವನ್ನು ಪತ್ತೆಹಚ್ಚುವುದು

ಈಗ ಅರ್ಥಕ್ಕೆ ಬರಬಹುದು. ಪ್ರತಿ ಮಾತಿನಲ್ಲೂ 'ಯಾವ ಪದ ಎರಡು ದಾರಿ ಹಿಡಿಯಬಲ್ಲದು?' ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಮಳೆಯ ಮಾತಿನಲ್ಲಿ ಅದು 'ನಿಂತಿದೆ'. ನಿಲ್ಲು ಎಂದರೆ ಮುಗಿಯುವುದೂ ಹೌದು, ಕಾಲ ಮೇಲೆ ನಿಲ್ಲುವುದೂ ಹೌದು. ತಾಯಿ ಒಂದು ದಾರಿಯಲ್ಲಿ ಹೋದಳು, ಮಗು ಇನ್ನೊಂದರಲ್ಲಿ ಹೋಯಿತು.

ನಗೆಗೂ ಕವಿತೆಗೂ ವ್ಯತ್ಯಾಸ ಈ ಕವಲಿನಲ್ಲಿ ಕಾಣುತ್ತದೆ. ಕೇಳುಗ ಎರಡನೆಯ ದಾರಿಗೆ ಹೊರಳಿದ ತಕ್ಷಣ ಮೊದಲನೆಯದನ್ನು ಬಿಟ್ಟುಕೊಟ್ಟರೆ ಅವನು ನಗುತ್ತಾನೆ. ಎರಡೂ ದಾರಿಗಳು ಏಕಕಾಲಕ್ಕೆ ತೆರೆದೇ ಉಳಿದರೆ, ಅಂದರೆ ಮಳೆ ಮುಗಿದಿರುವುದೂ ನಿಜ, ಅದು ಎಲ್ಲೋ ಬೀದಿಯ ಕೊನೆಯಲ್ಲಿ ಕಾಯುತ್ತಾ ನಿಂತಿರುವುದೂ ನಿಜ ಎನಿಸಿದರೆ, ಅದು ಕವಿತೆಯ ಕಡೆಗೆ ಹೊರಟಿದೆ ಎಂದರ್ಥ. ಒಂದೇ ಮಾತು ಎರಡೂ ಆಗುವುದು ಅಪರೂಪವಲ್ಲ. ಆದ್ದರಿಂದ 'ನಗೆ' ಮತ್ತು 'ಕವಿತೆ' ಎಂದು ಬೇರೆ ಬೇರೆ ಪುಸ್ತಕ ಇಡುವವರಿಗೆ ನಾನು ಒಂದನ್ನು ಮುಚ್ಚಲು ಹೇಳುತ್ತೇನೆ.

ಕವಲುಗಳು ಹೆಚ್ಚಾಗಿ ಸಿಗುವುದು ಚಿಕ್ಕ ಕ್ರಿಯಾಪದಗಳಲ್ಲಿ: ಬಿಡು, ಹಿಡಿ, ಕಟ್ಟು, ಕಳೆ, ಬೀಳು, ಹೋಗು, ಓಡು. 'ದಿನ ಕಳೆದೆ' ಎಂದವನು ದಿನವನ್ನು ಸಾಗಿಸಿದನೋ ಕಳೆದುಕೊಂಡನೋ ಎಂಬುದನ್ನು ಕನ್ನಡ ಅವನ ಮುಖಕ್ಕೇ ಬಿಟ್ಟಿದೆ. ಗಡಿಯಾರ ಗೋಡೆಗೆ ನೇತುಬಿದ್ದಲ್ಲೇ ಓಡುತ್ತದೆ. ಮಾತನ್ನು ಕೊಡಬಹುದು, ಮುರಿಯಬಹುದು, ಬಿಡಬಹುದು, ಆಡಬಹುದು. ದಿನವಿಡೀ ಬಳಸಿ ಸವೆದ ಇಂಥ ನುಡಿಗಟ್ಟುಗಳನ್ನು ಯಾರೋ ಮಕ್ಕಳೋ, ಭಾಷೆಗೆ ಹೊಸಬರೋ ಅಕ್ಷರಶಃ ತೆಗೆದುಕೊಂಡಾಗ ಅವು ಮತ್ತೆ ಹೊಳಪು ಪಡೆಯುತ್ತವೆ. ಆದ್ದರಿಂದ ಯಾರಾದರೂ ತಪ್ಪಾಗಿ ಅರ್ಥಮಾಡಿಕೊಂಡಾಗ ತಿದ್ದುವ ಮೊದಲು ಬರೆದುಕೊಳ್ಳಿ.

ಆದರೆ ಎಚ್ಚರಿಕೆ: ಕವಲು ಪದದಲ್ಲಿರಬೇಕು, ಆಡಿದವರ ಉಚ್ಚಾರಣೆಯಲ್ಲಿ ಅಲ್ಲ. ಒಬ್ಬರ ತೊದಲು, ಒಬ್ಬರ ಸೀಮೆಯ ರಾಗ, ಹ-ಕಾರ ಅ-ಕಾರಗಳ ಅದಲುಬದಲು ನಗೆಗೆ ವಸ್ತುವೆನಿಸಿದರೆ ನೀವು ಪದವನ್ನು ಬಿಟ್ಟು ಮನುಷ್ಯನನ್ನು ಹಿಡಿದಿದ್ದೀರಿ. ಆ ಪುಟವನ್ನು ಹರಿಯಬೇಕು.

ಹಂತ 5: ಸಂಗೀತದಲ್ಲಿ ಇದೇ ಕೆಲಸ

ಮಾತಿನಲ್ಲಿ ಎರಡು ವಾರ ಕಳೆಯದೆ ಇಲ್ಲಿಗೆ ಬರಬಾರದು. ನೇರವಾಗಿ ಸಂಗೀತದಿಂದ ಆರಂಭಿಸಿದವರು ರಾಗದ ಭಾವಕ್ಕೆ ಮನಸೋತು, ಕೇಳುವುದನ್ನು ಬಿಟ್ಟು ಅನುಭವಿಸತೊಡಗುತ್ತಾರೆ. ಅದು ಒಳ್ಳೆಯದೇ, ಆದರೆ ಅದು ಬೇರೆ ಕೆಲಸ.

ಮೊದಲ ಅಭ್ಯಾಸಕ್ಕೆ ನಿಮ್ಮ ಪುಸ್ತಕದ ಒಂದು ಚಿಕ್ಕ ಮಾತನ್ನು ಸಹಜವಾಗಿ, ಹಾಡದೆ, ನಿಮ್ಮದೇ ಧ್ವನಿಯಲ್ಲಿ ಮುದ್ರಿಸಿಕೊಂಡು, ಹತ್ತು ಬಾರಿ ಬಿಡುವಿಲ್ಲದೆ ಮರುಕಳಿಸುವಂತೆ ಹಾಕಿ ಕೇಳಿ. ಮೂರನೆಯ ಬಾರಿಗೆ ಬೇಸರವಾಗುತ್ತದೆ. ಅದರಾಚೆಗೆ ಎಲ್ಲೋ ಒಂದು ಕಡೆ ಮಾತು ತಾನಾಗಿ ಹಾಡಿನ ಹಾಗೆ ಕೇಳತೊಡಗಬಹುದು. ಸ್ವರಗಳು ಏರಿಳಿಯುತ್ತವೆ, ತಾಳ ಹುಟ್ಟುತ್ತದೆ, ಆದರೆ ಧ್ವನಿಮುದ್ರಣದಲ್ಲಿ ಏನೂ ಬದಲಾಗಿರುವುದಿಲ್ಲ. ಮನೋವಿಜ್ಞಾನಿ ಡಯಾನಾ ಡಾಯ್ಚ್ 1995ರಲ್ಲಿ ತಮ್ಮದೇ ಧ್ವನಿಯ ವಿವರಣೆಯೊಂದನ್ನು ಸಂಪಾದಿಸುತ್ತಿದ್ದಾಗ, ಒಂದು ಪದಗುಚ್ಛ ಮರುಕಳಿಸುತ್ತಾ ಉಳಿದು ಹಾಡಾಗಿ ಕೇಳಿದ್ದರಿಂದ ಈ ಭ್ರಮೆಯನ್ನು ಗುರುತಿಸಿದರು. ಎಲ್ಲ ಮಾತೂ ಹೀಗೆ ಹಾಡಾಗುವುದಿಲ್ಲ. ಹಾಡಾದ ಮಾತಿನಲ್ಲಿ ಯಾವ ಅಕ್ಷರದ ಮೇಲೆ ದನಿ ನಿಂತಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಕವಿತೆಯ ಸಾಲನ್ನು ಎಲ್ಲಿ ಮುರಿಯಬೇಕೆಂಬ ಪ್ರಶ್ನೆಗೆ ಇದಕ್ಕಿಂತ ನಂಬಿಕಸ್ಥ ಉತ್ತರ ನನಗೆ ಸಿಕ್ಕಿಲ್ಲ.

ಎರಡನೆಯ ಅಭ್ಯಾಸ ತಪ್ಪಾಗಿ ಕೇಳಿಸಿದ ಸಾಹಿತ್ಯದ್ದು. ಹೊಸ ಹಾಡೊಂದನ್ನು ಕೇಳುವಾಗ ಸಾಲುಗಳನ್ನು ಹುಡುಕಿ ನೋಡುವ ಮೊದಲು, ಕಿವಿಗೆ ಏನು ಬಿತ್ತೋ ಅದನ್ನೇ, ಅರ್ಥಹೀನವಾಗಿದ್ದರೂ ಬರೆಯಿರಿ. ಇಂಥ ತಪ್ಪುಕೇಳ್ಮೆಗೆ ಇಂಗ್ಲಿಷಿನಲ್ಲಿ 'ಮಾಂಡಿಗ್ರೀನ್' ಎಂಬ ಹೆಸರಿದೆ. ಲೇಖಕಿ ಸಿಲ್ವಿಯಾ ರೈಟ್ 1954ರಲ್ಲಿ ಅದನ್ನು ಚಾಲ್ತಿಗೆ ತಂದರು. ಬಾಲ್ಯದಲ್ಲಿ ಲಾವಣಿಯೊಂದನ್ನು ಕೇಳುವಾಗ, ಸತ್ತ ಸರದಾರನನ್ನು ಹಸಿರು ನೆಲದ ಮೇಲೆ ಮಲಗಿಸಿದರು ('ಲೇಯ್ಡ್ ಹಿಮ್ ಆನ್ ದ ಗ್ರೀನ್') ಎಂಬ ಮಾತು ಅವರ ಕಿವಿಗೆ 'ಲೇಡಿ ಮಾಂಡಿಗ್ರೀನ್' ಎಂಬ ಇನ್ನೊಬ್ಬಳ ಹೆಸರಾಗಿ ಕೇಳಿಸಿತ್ತು. ಸರಿಯಾದ ಸಾಲನ್ನು ಪಕ್ಕದಲ್ಲಿಟ್ಟು ಎರಡನ್ನೂ ಎಣಿಸಿ ನೋಡಿ. ಮಾತ್ರೆಗಳು ಹೆಚ್ಚಾಗಿ ಹೊಂದಿರುತ್ತವೆ, ಪದಗಳ ನಡುವಿನ ಗೆರೆ ಮಾತ್ರ ಸರಿದಿರುತ್ತದೆ.

ಮೂರನೆಯದು ನಿರೀಕ್ಷೆಯದು. ಹಿಂದೂಸ್ತಾನಿ ಸಂಗೀತದ ತಿಹಾಯಿಯಲ್ಲಿ ಒಂದು ತುಣುಕು ಮೂರು ಬಾರಿ ಬಂದು, ಮೂರನೆಯದರ ಕೊನೆಯ ಪೆಟ್ಟು ಸಮದ, ಅಂದರೆ ತಾಳದ ಆವರ್ತದ ಮೊದಲ ಪೆಟ್ಟಿನ, ಮೇಲೆ ಬೀಳುತ್ತದೆಂದು ಕೇಳುಗನಿಗೆ ಮೊದಲೇ ಗೊತ್ತಿರುತ್ತದೆ. ಆ ನಂಬಿಕೆಯೊಂದಿಗೆ ಆಟವಾಡಿದರೆ ನಗೆ ಹುಟ್ಟುತ್ತದೆ. ಆಸ್ಟ್ರಿಯದ ಸಂಗೀತ ರಚನಕಾರ ಜೋಸೆಫ್ ಹೈಡನ್ 1781ರಲ್ಲಿ ರಚಿಸಿದ ಓಪಸ್ 33ರ (ಕೃತಿಸಂಖ್ಯೆ 33ರ) ಎರಡನೆಯ ತಂತಿವಾದ್ಯ ಚತುಷ್ಕದ, ಅಂದರೆ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಯ, ಕೊನೆಯ ಭಾಗವನ್ನು ಕೇಳಿ. ರಾಗ ತುಂಡಾಗಿ ನಡುನಡುವೆ ಮೌನ ಬರುತ್ತದೆ, ಮುಗಿಯಿತೆಂದುಕೊಂಡ ಮೇಲೆ ಉದ್ದನೆಯ ಮೌನ, ಅನಂತರ ಆರಂಭದ ತುಣುಕೇ ಮೆಲ್ಲಗೆ ಮರಳಿ ಬಂದು ಅಲ್ಲಿಗೇ ನಿಂತುಹೋಗುತ್ತದೆ. ಎಲ್ಲಿ ಎಲ್ಲಿ 'ಮುಗಿಯಿತು' ಎನಿಸಿತೋ ಅಲ್ಲೆಲ್ಲ ಕಾಗದದ ಮೇಲೆ ಒಂದು ಚುಕ್ಕೆ ಇಡಿ. ಒಂದಕ್ಕಿಂತ ಹೆಚ್ಚು ಚುಕ್ಕೆಗಳಿದ್ದರೆ ನಿಮ್ಮ ಕಿವಿ ಸರಿಯಾಗಿದೆ.

ಹಂತ 6: ಕತ್ತರಿಸುವುದು

ಬರೆದ ದಿನವೇ ಕತ್ತರಿಸಬಾರದು. ಕನಿಷ್ಠ ಮೂರು ದಿನ ಬಿಡಿ. ಮಳೆಯ ಪುಟದಿಂದ ನಾನು ಅವಸರದಲ್ಲಿ ಮಾಡಿದ ಮೊದಲ ಕರಡು ಹೀಗಿತ್ತು:

ಸುರಿದು ಸುರಿದು ದಣಿದ ಮಳೆಯು
ನಿಂತಿತೆಂದಳು ತಾಯಿ;
ಮುಗ್ಧ ಕಂದ ಕಣ್ಣರಳಿಸಿ ಕೇಳಿತು
ಎಲ್ಲಿ ನಿಂತಿದೆಯೆಂದು.

'ದಣಿದ' ಎಂಬುದು ಮಗುವಿನ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತದೆ. 'ಮುಗ್ಧ' ಮತ್ತು 'ಕಣ್ಣರಳಿಸಿ' ಓದುಗನಿಗೆ ಎಲ್ಲಿ ಮೆಚ್ಚಬೇಕೆಂದು ಬೆರಳು ತೋರಿಸುತ್ತವೆ. ಕೊನೆಯ 'ಎಂದು' ಪ್ರಶ್ನೆಯ ಬಾಯಿಯನ್ನೇ ಮುಚ್ಚುತ್ತದೆ. ನನ್ನವೆನ್ನುವ ಪದಗಳನ್ನೆಲ್ಲ ತೆಗೆದಾಗ ಉಳಿದದ್ದು ಎರಡು ಮಾತುಗಳು, ಮತ್ತು ಅಂಚಿನಲ್ಲಿದ್ದ ಒಂದು ಗುರುತು: 'ಇಬ್ಬರೂ ಬಾಗಿಲಲ್ಲೇ ನಿಂತರು, ಹೊರಡಲಿಲ್ಲ.'

ಮಳೆ ನಿಂತಿದೆ, ನಡಿ.
ಎಲ್ಲಿ ನಿಂತಿದೆ?
ಬಾಗಿಲ ಹತ್ತಿರ ಇಬ್ಬರೂ
ಒಂದು ಗಳಿಗೆ ನಿಂತರು.

ಮಹಾಕಾವ್ಯವೇನಲ್ಲ. ಆದರೆ 'ನಿಲ್ಲು' ಮೂರನೆಯ ಸಲ ಬಂದಿದೆ, ಅದನ್ನು ನಾನು ಕಟ್ಟಿ ತಂದದ್ದಲ್ಲ, ಅದು ಅಂಚಿನಲ್ಲಿಯೇ ಇತ್ತು.

ಕತ್ತರಿಸುವಾಗ ಕನ್ನಡದ ವಾಕ್ಯರಚನೆ ನಿಮ್ಮ ಪರವಾಗಿದೆ ಎಂಬುದನ್ನು ಮರೆಯಬೇಡಿ. ಕ್ರಿಯಾಪದವೂ, 'ಇಲ್ಲ' ಎಂಬ ನಿಷೇಧವೂ ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ ಬರುವುದರಿಂದ, ಕೊನೆಯ ಪದದವರೆಗೂ ತೀರ್ಪನ್ನು ತಡೆಹಿಡಿಯಬಹುದು. "ಅವರು ಬಹಳ ಸರಳ ಅಂತ ಎಲ್ರೂ ಹೇಳ್ತಾರೆ, ನೋಡಿದೋರು ಯಾರೂ ಇಲ್ಲ" ಎಂಬ ಮಾತಿನಲ್ಲಿ 'ಇಲ್ಲ'ದ ಆಚೆಗೆ ಒಂದು ಪದ ಸೇರಿಸಿದರೂ ಏಟು ಮೊಂಡಾಗುತ್ತದೆ. ತಿರುವಿನ ಪದ ಎಲ್ಲಿದೆಯೋ ಅಲ್ಲಿ ಪೂರ್ಣವಿರಾಮ ಹಾಕಿ ಕೈ ಎತ್ತಿಬಿಡಬೇಕು.

ಹಂತ 7: ಒಬ್ಬರಿಗೆ ಹೇಳಿ ನೋಡುವುದು

ಗುಂಪಿಗೆ ಬೇಡ, ಒಬ್ಬರಿಗೆ. 'ಒಂದು ತಮಾಷೆಯ ಸಂಗತಿ ಕೇಳಿ' ಎಂಬ ಪೀಠಿಕೆ ಹಾಕಬಾರದು. ಕೇಳುವವರು ಆಗಲೇ ನಗಲು ಮುಖ ಸಿದ್ಧಮಾಡಿಕೊಂಡಿರುತ್ತಾರೆ ಮತ್ತು ಕವಲು ಬರುವ ಹೊತ್ತಿಗೆ ಅದು ದಣಿದಿರುತ್ತದೆ. ಮಾತನ್ನು ಮಾತಾಗಿ ಹೇಳಿ, ಕೊನೆಯ ಪದಕ್ಕೆ ಮೊದಲು ಎರಡು ಮಾತ್ರೆಯಷ್ಟು ತಡೆದು, ಹೇಳಿ ಸುಮ್ಮನಾಗಿ. ವಿವರಿಸಬೇಕಾಗಿ ಬಂದರೆ ನಾಲ್ಕನೆಯ ಹಂತಕ್ಕೆ ಮರಳಬೇಕು. 'ಅಲ್ಲಿ ಇದ್ದಿದ್ರೆ ಗೊತ್ತಾಗ್ತಿತ್ತು' ಎಂದು ನೀವೇ ಹೇಳಬೇಕಾಗಿ ಬಂದರೆ ಎರಡನೆಯ ಹಂತದಲ್ಲಿ ಏನೋ ಬಿಟ್ಟುಹೋಗಿದೆ.

ಎಚ್ಚರಿಕೆಯ ಲಕ್ಷಣಗಳು

ಪುಸ್ತಕದಲ್ಲಿ ಉದ್ಧರಣ ಚಿಹ್ನೆಗಳಿಗಿಂತ ವಿಶೇಷಣಗಳು ಹೆಚ್ಚಾಗಿ ಕಂಡರೆ ನೀವು ಕೇಳುವುದನ್ನು ಬಿಟ್ಟು ಬಣ್ಣಿಸತೊಡಗಿದ್ದೀರಿ. ಒಂದೇ ವ್ಯಕ್ತಿಯ ಮಾತುಗಳೇ ತುಂಬಿದ್ದರೆ ಅದು ಟಿಪ್ಪಣಿಯಲ್ಲ, ಅಭಿಮಾನ ಅಥವಾ ಹಗೆ, ಜಾಗ ಬದಲಿಸಿ. ಪ್ರತಿ ಮಾತಿನಲ್ಲೂ ಶ್ಲೇಷೆಯೇ ಕಾಣತೊಡಗಿದರೆ ಅದು ಈ ಕೆಲಸಕ್ಕಿರುವ ಒಂದು ಬಗೆಯ ನೆಗಡಿ, ಮೂರನೆಯ ವಾರದಲ್ಲಿ ಬಂದು ತಾನಾಗಿ ಹೋಗುತ್ತದೆ. ಆ ದಿನಗಳಲ್ಲಿ ಮನೆಯವರ ಮುಂದೆ ಬಾಯಿ ಬಿಗಿಹಿಡಿದರೆ ಎಲ್ಲರಿಗೂ ಕ್ಷೇಮ.

ಎಲ್ಲಕ್ಕಿಂತ ಕೆಟ್ಟ ಲಕ್ಷಣ ಬೇರೆಯದಿದೆ. ನೀವು ಕೋಣೆಗೆ ಬಂದಾಗ ಮಾತನಾಡುತ್ತಿದ್ದವರು ಅಳೆದು ತೂಗಿ ಮಾತನಾಡತೊಡಗಿದರೆ, ಅಥವಾ "ಇದನ್ನ ಬರ್ಕೋಬೇಡಿ ಮತ್ತೆ" ಎಂದು ಯಾರಾದರೂ ಅರ್ಧ ನಗುತ್ತಾ ಹೇಳಿದರೆ, ಪುಸ್ತಕ ಅವರ ಕಣ್ಣಿಗೆ ಬಿದ್ದಿದೆ ಎಂದು ತಿಳಿಯಬೇಕು. ಆ ಮಾತನ್ನು ನಿಜಕ್ಕೂ ಬರೆದುಕೊಳ್ಳಬಾರದು. ಒಂದು ವಾರ ಪುಸ್ತಕವನ್ನು ಮನೆಯಲ್ಲೇ ಬಿಟ್ಟು, ಕೇಳಿದ್ದಕ್ಕೆ ಉತ್ತರ ಕೊಡುತ್ತಾ, ನಕ್ಕಾಗ ನಗುತ್ತಾ ಅವರ ನಡುವೆ ಇದ್ದು, ಎಂಟನೆಯ ದಿನ ಬೇರೆ ಜಾಗದಲ್ಲಿ ಮೊದಲ ಹಂತದಿಂದ ಆರಂಭಿಸಬೇಕು.